ಜಿಪಿ ಹತ್ತಿರ ಕೇಳಲೋ ಬೇಡವೋ: ಸೈಕೆಡೆಲಿಕ್ ಚಿಕಿತ್ಸೆಯ ಮಾತು

ಕಳೆದ ತಿಂಗಳು ನಿದ್ದೆ ಮಾತ್ರೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಇಮೇಲ್‌ಗಳಲ್ಲಿ ಒಂದು ನಿದ್ದೆಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ಬ್ರಿಸ್ಬೇನ್‌ನ ಓದುಗರೊಬ್ಬರು ಬರೆದಿದ್ದರು: "ಮೇಡಂ, ನಮ್ಮ ಯಜಮಾನರಿಗೆ ನಾಲ್ಕು ವರ್ಷದಿಂದ ಡಿಪ್ರೆಶನ್. ಮಾತ್ರೆ ಎರಡು ಸಲ ಬದಲಾಯಿಸಿ ಆಯಿತು. ನೆಟ್‌ಫ್ಲಿಕ್ಸ್‌ನಲ್ಲಿ ಅಣಬೆಯ ಚಿಕಿತ್ಸೆ ಬಗ್ಗೆ ನೋಡಿ, ಧೈರ್ಯ ಮಾಡಿ ಜಿಪಿ ಹತ್ತಿರ ಕೇಳಿದರು. ಅವರು ನಕ್ಕುಬಿಟ್ಟರಂತೆ. ಈಗ ಇವರು ಆ ಡಾಕ್ಟರ್ ಹತ್ತಿರ ಹೋಗುವುದೇ ಇಲ್ಲ ಅಂತಿದ್ದಾರೆ. ನಮ್ಮನ್ನು ಡ್ರಗ್ಸ್ ಕೇಳೋ ಜನ ಅಂದುಕೊಂಡರಾ?"

ಆ ಜಿಪಿ ಯಾಕೆ ನಕ್ಕರೋ ನಾನು ಹೇಳಲಾರೆ. ಆದರೆ ನಾನೂ ಒಬ್ಬ ಜಿಪಿ. ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಯೊಂದರಲ್ಲಿ ಕೂತು ದಿನಕ್ಕೆ ಮೂವತ್ತು ಜನರನ್ನು ನೋಡುವವಳು. ಇದೇ ಪ್ರಶ್ನೆ ನನ್ನ ಮೇಜಿಗೂ ಬಂದಿತ್ತು. ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ವಿಷಯ ಏನು ಅಂತ ನೋಡೋಣ.

ನಮ್ಮ ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಎರಡು ಔಷಧಿಗಳನ್ನು ಮನೋವೈದ್ಯರು ಬರೆದುಕೊಡಬಹುದು. ಅಣಬೆಯಲ್ಲಿರುವ ಸೈಲೋಸೈಬಿನ್, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ. ಎಂಡಿಎಂಎ, ಪಿಟಿಎಸ್‌ಡಿಗೆ, ಅಂದರೆ ಅಪಘಾತ, ಹಿಂಸೆ, ಯುದ್ಧದಂಥ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆಗೆ. ದೇಶದ ಮಟ್ಟದಲ್ಲಿ ಹೀಗೆ ಬಾಗಿಲು ತೆರೆದ ಮೊದಲ ದೇಶ ನಮ್ಮದು. ಬಾಗಿಲು ತೆರೆದಿದೆ ನಿಜ, ಆದರೆ ಒಬ್ಬರು ಓರೆಯಾಗಿ ನುಸುಳುವಷ್ಟು ಮಾತ್ರ. ಎಲ್ಲ ಮನೋವೈದ್ಯರೂ ಬರೆಯುವಂತಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಟಿಜಿಎಯಿಂದ ಅನುಮತಿ ಪಡೆದವರು ಮಾತ್ರ ಬರೆಯಬಹುದು. ನಾವು ಜಿಪಿಗಳು ಬರೆಯುವ ಹಾಗೇ ಇಲ್ಲ. ಮನೋವೈದ್ಯರಿಗೆ ರೆಫರಲ್ ಪತ್ರ ಕೊಡಬಹುದು, ಅಷ್ಟೇ.

ಇದು ಮಾತ್ರೆ ನುಂಗಿ ಮನೆಗೆ ಹೋಗುವ ಚಿಕಿತ್ಸೆಯೂ ಅಲ್ಲ. ಮೊದಲು ಕೆಲವು ಸಲ ಕೂತು ಮಾತು. ಆಮೇಲೆ ಔಷಧಿಯ ದಿನ, ಆರರಿಂದ ಎಂಟು ಗಂಟೆ ಒಂದು ಕೋಣೆಯಲ್ಲಿ, ಪಕ್ಕದಲ್ಲಿ ಇಬ್ಬರು ಚಿಕಿತ್ಸಕರು. ಮತ್ತೆ ವಾರಗಟ್ಟಲೆ ಮಾತು, ಆ ದಿನ ಒಳಗೆ ಕಂಡದ್ದನ್ನು ಬಿಡಿಸಿಕೊಳ್ಳುವುದಕ್ಕೆ. ಇಷ್ಟೆಲ್ಲ ಜನರ ಇಷ್ಟೆಲ್ಲ ಗಂಟೆಗೆ ದುಡ್ಡು ಯಾರು ಕೊಡಬೇಕು? ಬಹುಪಾಲು ಸಂದರ್ಭದಲ್ಲಿ ನೀವೇ. ಖಾಸಗಿಯಾಗಿ ಹೋದರೆ ಖರ್ಚು ಇಪ್ಪತ್ತು ಸಾವಿರ ಡಾಲರ್ ಮುಟ್ಟುವುದು, ದಾಟುವುದು ಅಪರೂಪವಲ್ಲ. ಊರಲ್ಲಿ ಸೈಟ್ ಮಾರಿ ಮಾಡಿಸಿಕೊಳ್ಳಲೇ ಅಂತ ಒಬ್ಬರು ಕೇಳಿದ್ದಾರೆ. ಬೇಡ ಅಂದೆ.

ಈಗ ಡಾಕ್ಟರ ಮುಖದ ವಿಷಯ. ನೀವು ಈ ಮಾತು ತೆಗೆದಾಗ ಅವರ ಹುಬ್ಬು ಗಂಟಾಗುವುದಕ್ಕೆ ಕಾರಣ ನೀವೇ ಆಗಿರಬೇಕಿಲ್ಲ. ಒಂದು, ನಮಗೆ ಇದನ್ನು ಯಾರೂ ಕಲಿಸಿಲ್ಲ. ನಾನು ಎಂಬಿಬಿಎಸ್ ಓದುವಾಗ ಎಲ್‌ಎಸ್‌ಡಿ, ಸೈಲೋಸೈಬಿನ್ ಬಂದದ್ದು ದುಶ್ಚಟಗಳ ಪಾಠದಲ್ಲಿ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ. ಐವತ್ತರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಕುಡಿತದ ಚಟ ಬಿಡಿಸಲು ಎಲ್‌ಎಸ್‌ಡಿ ಪ್ರಯೋಗ ಮಾಡಿದ್ದರು, 'ಸೈಕೆಡೆಲಿಕ್' ಎಂಬ ಪದವೇ ಅವರದು ಎಂಬುದು ನನಗೆ ಗೊತ್ತಾದದ್ದು ತಲೆಕೂದಲು ಬೆಳ್ಳಗಾದ ಮೇಲೆ. ಎಪ್ಪತ್ತರ ಹೊತ್ತಿಗೆ ಕಾನೂನು ಬಂದು ಆ ಸಂಶೋಧನೆಯೆಲ್ಲ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಡಾಕ್ಟರಿಗೆ ಕಷ್ಟ. ನಕ್ಕು ತಳ್ಳಿಹಾಕುವುದು ಸುಲಭ.

ಇನ್ನೊಂದು, ನಾವು ಒಮ್ಮೆ ಕೈ ಸುಟ್ಟುಕೊಂಡವರು. ಆಕ್ಸಿಕಾಂಟಿನ್ ನೋವಿನ ಮಾತ್ರೆ ಚಟ ಹಿಡಿಸುವುದು ಕಡಿಮೆ ಎಂದು ಕಂಪನಿಯವರು ಹೇಳಿದ್ದನ್ನು ನಂಬಿ ಅಮೆರಿಕದ ಕುಟುಂಬ ವೈದ್ಯರು ಬರೆದರು, ಬರೆದರು, ಊರಿಗೆ ಊರೇ ಅದರಲ್ಲಿ ಮುಳುಗಿತು. ಅದನ್ನು ಕಂಡವರಿಗೆ 'ಅದ್ಭುತ ಔಷಧಿ' ಅಂದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ.

ಮತ್ತೆ, ಪುರಾವೆ. ಇದು ಚೆನ್ನಾಗಿದೆ, ಆದರೆ ಚೊಕ್ಕವಾಗಿಲ್ಲ. 2021ರಲ್ಲಿ ಪ್ರಕಟವಾದ ಎಂಡಿಎಂಎ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 67 ಜನರ ಕಾಯಿಲೆ, ಅದನ್ನು ಪಿಟಿಎಸ್‌ಡಿ ಎಂದು ಕರೆಯಲಾಗದಷ್ಟು ಇಳಿಯಿತು. ಬರೀ ಮಾತಿನ ಚಿಕಿತ್ಸೆ ಮತ್ತು ಸುಳ್ಳು ಮಾತ್ರೆ ಪಡೆದವರಲ್ಲಿ 32. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಆ ಪ್ರಯೋಗದಲ್ಲಿ ಇದ್ದವರು 90 ಜನ. ಜೊತೆಗೆ, ಇಂಥ ಔಷಧಿ ತೆಗೆದುಕೊಂಡವರಿಗೆ ಅಸಲಿ ಸಿಕ್ಕಿತೋ ನಕಲಿ ಸಿಕ್ಕಿತೋ ಅರ್ಧ ಗಂಟೆ ಒಂದು ಗಂಟೆಯಲ್ಲಿ ತಿಳಿದುಹೋಗುತ್ತದೆ. ಆಗ ಗುಣ ಮಾಡಿದ್ದು ಔಷಧಿಯೋ ನಿರೀಕ್ಷೆಯೋ ಹೇಗೆ ಹೇಳುವುದು? 2024ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ಕೊಡದೆ, ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬನ್ನಿ ಎಂದು ಹೇಳಿ ಕಳಿಸಿತು. ಸೈಲೋಸೈಬಿನ್ ಬಗ್ಗೆ 2022ರಲ್ಲಿ ಬಂದ 233 ಜನರ ಪ್ರಯೋಗದಲ್ಲಿ 25 ಮಿಲಿಗ್ರಾಂ ಒಂದೇ ಸಲ ಪಡೆದವರಿಗೆ ಮೂರು ವಾರದ ಹೊತ್ತಿಗೆ ಒಳ್ಳೆಯ ಪರಿಣಾಮ ಕಂಡಿತ್ತು. ಆದರೆ ಸಾಯುವ ಯೋಚನೆ ಬಂದವರೂ, ತಮಗೆ ತಾವೇ ಗಾಯ ಮಾಡಿಕೊಂಡವರೂ ಅದರಲ್ಲಿ ಇದ್ದರು. ನಿಮ್ಮ ಮನೆಯವರ ವಿಷಯದಲ್ಲಿ ನೀವೇ ಹೇಳಿ, ಈ ಎರಡನೇ ಸಾಲನ್ನು ಓದಿದ ಡಾಕ್ಟರು ಹಗುರವಾಗಿ 'ಆಗಲಿ' ಅನ್ನಬೇಕೇ?

ನನ್ನ ಸಹೋದ್ಯೋಗಿಗಳಲ್ಲಿ ಚಿಕ್ಕವರು ಇದರ ಬಗ್ಗೆ ಉತ್ಸಾಹದಿಂದ ಇದ್ದಾರೆ, ಹಿರಿಯರು ಅನುಮಾನದಿಂದ. ನಾನು ನಡುವೆ ಎಲ್ಲೋ ಇದ್ದೇನೆ. ಕೆಲವರಿಗೆ ಇದು ನಿಜವಾಗಿ ಬದುಕು ಮರಳಿಸಬಹುದು ಅಂತ ನನಗೆ ಅನಿಸುತ್ತದೆ. ಯಾರಿಗೆ ಎಂದು ಮೊದಲೇ ಗುರುತಿಸುವುದು ಇನ್ನೂ ನಮಗೆ ಬಂದಿಲ್ಲ ಅಂತಲೂ ಅನಿಸುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಕುಟುಂಬದ ಒಪ್ಪಿಗೆ ಕೇಳಿ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ಗಂಡಸು, ಹುಬ್ಬಳ್ಳಿ ಕಡೆಯವರು, ಸಾಫ್ಟ್‌ವೇರ್. ಶುಗರ್ ರಿಪೋರ್ಟ್ ನೋಡಿ ಮುಗಿಸಿ, ಎದ್ದು ನಿಂತು, ಬಾಗಿಲ ಹಿಡಿ ಹಿಡಿದುಕೊಂಡು ಕೇಳಿದರು: "ಡಾಕ್ಟ್ರೇ, ಆ ಸೈಲೋಸೈಬಿನ್ ನನಗೆ ಆಗ್ತದೇನ್ರಿ?" ಹೊರಗೆ ಆರು ಜನ ಕಾಯುತ್ತಿದ್ದರು. ನಾನು ಅಕ್ಕನ ದನಿಯಲ್ಲಿ, "ಅಯ್ಯೋ, ಅದೆಲ್ಲ ನಮಗೆ ಬೇಡ ಬಿಡಿ. ಇರೋ ಮಾತ್ರೆ ಸರಿಯಾಗಿ ತಗೊಳ್ಳಿ" ಅಂದೆ. ಅವರು ತಲೆಯಾಡಿಸಿ ಹೋದರು. ನಮ್ಮ ಜನ ಮುಖ್ಯವಾದದ್ದನ್ನು ಬಾಗಿಲ ಹತ್ತಿರ ನಿಂತೇ ಹೇಳುವುದು ಎಂಬುದು ಇಷ್ಟು ವರ್ಷದಲ್ಲಿ ನನಗೆ ತಿಳಿದಿರಬೇಕಿತ್ತು.

ಎರಡು ತಿಂಗಳ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಇವರಿಗೆ ತಲೆಸುತ್ತು, ನಿದ್ದೆಯಿಲ್ಲ, ಮಕ್ಕಳ ಮೇಲೆ ಸಿಡಿಮಿಡಿ. ವಿಚಾರಿಸಿದರೆ, ಸರ್ಟ್ರಾಲಿನ್ ಮಾತ್ರೆಯನ್ನು ಯಾರಿಗೂ ಹೇಳದೆ ಒಂದೇ ದಿನದಲ್ಲಿ ನಿಲ್ಲಿಸಿದ್ದಾರೆ. ಈ ಮಾತ್ರೆ ಮೈಯಲ್ಲಿದ್ದರೆ ಸೈಕೆಡೆಲಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಎಲ್ಲೋ ಓದಿದ್ದರಂತೆ. ಯಾರೋ ಗೆಳೆಯರು ಅಣಬೆ ಕ್ಯಾಪ್ಸೂಲ್ ತರಿಸಿಕೊಡುತ್ತೇನೆ ಅಂದಿದ್ದರಂತೆ. ಪುಣ್ಯಕ್ಕೆ ಅದು ಇನ್ನೂ ಬಂದಿರಲಿಲ್ಲ.

ಅವರು ಓದಿದ್ದರಲ್ಲಿ ಅರ್ಧ ಸತ್ಯವಿತ್ತು. ಈ ಗುಂಪಿನ ಖಿನ್ನತೆ ಮಾತ್ರೆಗಳು ಸೈಕೆಡೆಲಿಕ್‌ಗಳ ಪರಿಣಾಮ ತಗ್ಗಿಸಬಹುದು. ಅದಕ್ಕೇ ಚಿಕಿತ್ಸೆಗೆ ಮುಂಚೆ ಮನೋವೈದ್ಯರು ಅವನ್ನು ನಿಧಾನವಾಗಿ, ಕಣ್ಣಿಟ್ಟು ಇಳಿಸುವುದುಂಟು. ತಾನೇ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಎರಡು ಪಟ್ಟಾಗಿ ಮರಳಬಹುದು. ಇನ್ನು ಕೆಲವು ಜೋಡಿಗಳು ನೇರ ಅಪಾಯವೇ. ಲಿಥಿಯಂ ತೆಗೆದುಕೊಳ್ಳುವವರು ಸೈಲೋಸೈಬಿನ್ ತೆಗೆದುಕೊಂಡು ಫಿಟ್ಸ್ ಬಂದ ವರದಿಗಳಿವೆ. ಎಂಎಒಐ ಎಂಬ ಹಳೆಯ ಗುಂಪಿನ ಖಿನ್ನತೆ ಮಾತ್ರೆಗಳ ಜೊತೆ ಎಂಡಿಎಂಎ ಸೇರಿದರೆ ಪ್ರಾಣಕ್ಕೇ ಕುತ್ತು. ನಮ್ಮವರಲ್ಲಿ ಎಷ್ಟೋ ಜನರ ಮಾತ್ರೆಗಳು ಇಲ್ಲಿಯ ಜಿಪಿ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅಪ್ಪ ಅಮ್ಮ ಬರುವಾಗ ಸೂಟ್‌ಕೇಸಿನಲ್ಲಿ ಚಕ್ಕುಲಿ, ಮೆಂತ್ಯದ ಹಿಟ್ಟಿನ ಜೊತೆ ಆರು ತಿಂಗಳ ಮಾತ್ರೆ ತಂದಿರುತ್ತಾರೆ. ಡಾಕ್ಟರು "ಬೇರೆ ಏನಾದರೂ ಔಷಧಿ?" ಅಂದರೆ "ಇಲ್ಲ" ಅನ್ನುತ್ತೇವೆ. ಆ ಪಟ್ಟಿಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅಶ್ವಗಂಧ, ಆಯುರ್ವೇದದ ಲೇಹ್ಯ, ಎಲ್ಲದರದ್ದೂ.

ಮತ್ತೆ ಮಾತ್ರೆ ಶುರು ಮಾಡಿ, ಸ್ವಲ್ಪ ಸುಧಾರಿಸಿದ ಮೇಲೆ ಅವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. ಅವರ ನೋವು ನಿಜ, ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಗುಣ ಕಾಣದಿದ್ದರೆ ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಅನ್ನುತ್ತಾರೆ. ಹತ್ತು ದಿನ ನುಂಗಿ 'ಹೊಟ್ಟೆ ತೊಳೆಸುತ್ತೆ' ಎಂದು ಬಿಟ್ಟದ್ದು ಲೆಕ್ಕಕ್ಕಿಲ್ಲ. ಇವರದು ಲೆಕ್ಕಕ್ಕೆ ಬರುವಂಥದ್ದು. ಮನೋವೈದ್ಯರಿಗೆ ಪತ್ರ ಬರೆದೆ.

ಅಲ್ಲಿಂದ ಒಂದು ಉದ್ದದ ಫಾರಂ ಬಂತು. ಅದರಲ್ಲಿ ಕುಟುಂಬದ ಚರಿತ್ರೆ ಎಂಬ ಪುಟ. ಈ ಪುಟ ಯಾಕೆ ಅಷ್ಟು ಮುಖ್ಯ ಗೊತ್ತೇ? ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಇದ್ದವರನ್ನು ಸಾಮಾನ್ಯವಾಗಿ ಈ ಪ್ರಯೋಗಗಳಿಂದ ಹೊರಗಿಡುತ್ತಾರೆ. ಒಳಗೆ ಮಲಗಿರುವುದನ್ನು ಔಷಧಿ ಎಬ್ಬಿಸಿಬಿಡಬಹುದು ಎಂಬ ಭಯ. ಹಾಗಾಗಿ ಇಡೀ ಫಾರಂನಲ್ಲಿ ಸುಳ್ಳು ಬರೆಯಬಾರದ ಪುಟ ಅದು. ನಾವು ಕನ್ನಡಿಗರು ಸತ್ಯವನ್ನೇ ಬರೆದೂ ಸುಳ್ಳಾಗುವ ಪುಟವೂ ಅದೇ.

ಏಕೆಂದರೆ ನಮ್ಮ ಮನೆಗಳಲ್ಲಿ ಯಾರಿಗೂ ಸ್ಕಿಜೋಫ್ರೇನಿಯಾ ಇರುವುದಿಲ್ಲ. "ಚಿಕ್ಕಪ್ಪ ಸ್ವಲ್ಪ ಒಂಥರಾ ಇದ್ದ." "ಅತ್ತೆಗೆ ಬಾಣಂತನದಲ್ಲಿ ಗಾಳಿ ಸೋಕಿತ್ತು." "ಮಾವ ಓದಿ ಓದಿ ತಲೆ ಕೆಡಿಸಿಕೊಂಡ." "ಅಜ್ಜಿಗೆ ಮೈಮೇಲೆ ಬರುತ್ತಿತ್ತು." ಇವುಗಳಲ್ಲಿ ಕೆಲವು ಕಾಯಿಲೆಯೇ ಅಲ್ಲ. ಮೈಮೇಲೆ ದೇವರು ಬರುವವರೆಲ್ಲ ರೋಗಿಗಳಲ್ಲ, ಅದನ್ನು ರೋಗ ಅಂತ ಬರೆದರೆ ಅದೂ ತಪ್ಪು. ಕೆಲವು ಕಾಯಿಲೆಯೇ. ಯಾವುದು ಯಾವುದು ಅಂತ ತೂಗಿ ನೋಡುವುದು ಮನೋವೈದ್ಯರ ಕೆಲಸ. ಆದರೆ ಅವರ ಕಿವಿಗೆ ಅದು ಬೀಳಬೇಕಲ್ಲ?

ಆ ಪುಟವನ್ನು ಅವರ ಮನೆಯಲ್ಲಿ ತುಂಬಿದ್ದು ಎಂಟನೇ ಕ್ಲಾಸಿನ ಮಗಳು. ಅಪ್ಪನಿಗೆ ತನ್ನ ತಂದೆಯ ಕಡೆಯ ವಿಷಯ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿದ್ದ ಅಜ್ಜಿ ಆಗ ಹುಬ್ಬಳ್ಳಿಯಿಂದ ಬಂದಿದ್ದರು, ಇಂಗ್ಲಿಷ್ ಬಾರದು. ಹುಡುಗಿ ಶನಿವಾರದ ಕನ್ನಡ ತರಗತಿಗೆ ತಪ್ಪದೆ ಹೋಗುವವಳು. ಅಜ್ಜಿಯ ಪಕ್ಕ ಕೂತು ಒಂದೊಂದೇ ಕೇಳಿ, ದುಂಡು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಅಜ್ಜನಿಗೆ ಬಿಪಿ. ಸೋದರತ್ತೆಗೆ ಶುಗರ್. ಅಪ್ಪನ ದೊಡ್ಡಪ್ಪ: 'ಎರಡು ವರ್ಷ ಧಾರವಾಡದಲ್ಲಿ ಇದ್ದರು.'

ಪ್ರತಿಯೊಂದು ನನಗೂ ಬಂದಿತ್ತು. ಚಹಾ ಕುಡಿಯುತ್ತ ಓದುತ್ತಿದ್ದವಳು ಆ ಸಾಲಿನಲ್ಲಿ ನಿಂತೆ. ಮನೋವೈದ್ಯರು ಇಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಧಾರವಾಡ ಒಂದು ಊರು, ದೊಡ್ಡಪ್ಪ ಕೆಲಸಕ್ಕೆ ಹೋಗಿದ್ದಿರಬೇಕು. ಉತ್ತರ ಕರ್ನಾಟಕದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕಡೆ ಜಗಳದಲ್ಲಿ 'ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂದ ಹಾಗೆ, ಆ ಕಡೆ 'ಧಾರವಾಡಕ್ಕ ಕಳಸಬೇಕು' ಅನ್ನುತ್ತಾರೆ. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯಿಂದ ಬಂದ ಮಾತು.

ಅಂದು ಸಂಜೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಮೊದಲು ಊರು, ಮಳೆ, ಮೊಮ್ಮಗಳ ಕನ್ನಡ. ಆಮೇಲೆ ಕೇಳಿದೆ: "ಅಮ್ಮಾ, ನಿಮ್ಮ ಭಾವನವರು ಧಾರವಾಡದಲ್ಲಿ ಇದ್ದರಂತಲ್ಲ. ದವಾಖಾನ್ಯಾಗ ಏನ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಹೌದ್ರಿ. ಕಿವ್ಯಾಗ ಯಾರೋ ಮಾತಾಡತಾರ ಅಂತಿದ್ರು. ಕೂಸಿನ ಮುಂದ ಅದನ್ನ ಹೆಂಗ ಹೇಳೂದು?"

ಆ ಅಜ್ಜಿಯನ್ನು ನಾನು ಹೇಗೆ ದೂರಲಿ? ಹದಿಮೂರು ವರ್ಷದ ಮೊಮ್ಮಗಳ ಮುಂದೆ ಸತ್ಯವನ್ನು ಬಟ್ಟೆ ಸುತ್ತಿ ಕೊಟ್ಟರು. ಮೊಮ್ಮಗಳು ಬಟ್ಟೆ ಸಮೇತ ಇಂಗ್ಲಿಷಿಗೆ ದಾಟಿಸಿದಳು. ಅವಳ ಕನ್ನಡದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ನಮ್ಮ ಮಕ್ಕಳು ಎರಡು ಭಾಷೆ ಚೆನ್ನಾಗಿ ಆಡಿದಾಗ ನಮಗೆ ಆಗುವ ಹೆಮ್ಮೆಯಲ್ಲಿ, ಅವರ ಕೈಗೆ ಎಂಥೆಂಥ ಕಾಗದ ಕೊಡುತ್ತೇವೆ ನೋಡಿ. ಶಾಲೆಯ ನೋಟಿಸು, ಬ್ಯಾಂಕಿನ ಪತ್ರ, ಟೆಲಿಫೋನ್ ಬಿಲ್ಲು, ಸರಿ. ಅಪ್ಪನ ಮನಸ್ಸಿನ ಕಾಯಿಲೆಯ ಫಾರಂ ಬೇಡ. ಡಾಕ್ಟರ ಕೋಣೆಯಲ್ಲಿ ದುಭಾಷಿಯಾಗಿ ಮಗುವನ್ನು ಕೂರಿಸುವುದೂ ಬೇಡ. ಮಗುವಿನ ಎದುರು ದೊಡ್ಡವರು ಪೂರ್ತಿ ಹೇಳುವುದಿಲ್ಲ. ಹೇಳಿದರೆ ಅದನ್ನು ಹೊತ್ತುಕೊಂಡು ಹೋಗುವುದು ಮಗು.

ಆಸ್ಟ್ರೇಲಿಯಾದಲ್ಲಿ ಟಿಐಎಸ್ ನ್ಯಾಷನಲ್ ಎಂಬ ಸರ್ಕಾರಿ ದುಭಾಷಿ ಸೇವೆ ಇದೆ, ಫೋನ್ 131 450. ಮೆಡಿಕೇರ್ ಇರುವ ರೋಗಿಗಳನ್ನು ನೋಡುವಾಗ ಜಿಪಿಗಳು ಅದನ್ನು ಬಿಟ್ಟಿಯಾಗಿ ಬಳಸಬಹುದು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ವಿಷಯದಲ್ಲಿ ಕ್ಲಿನಿಕ್ಕಿನಲ್ಲಿ ಕೇಳಿ ನೋಡಿ. ಕನ್ನಡಕ್ಕೆ ಆ ಕ್ಷಣವೇ ಜನ ಸಿಗುವುದು ಕಷ್ಟ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ ಇಡಿ. ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲೂ ದುಭಾಷಿಯನ್ನು ಕೇಳಬಹುದು. 'ಸಣ್ಣ ಊರು, ಎಲ್ಲ ಗುರುತಿನವರೇ, ದುಭಾಷಿ ಯಾರದೋ ಅತ್ತಿಗೆ ಆಗಿಬಿಟ್ಟರೆ?' ಎಂಬ ಭಯ ನನಗೆ ಗೊತ್ತು. ಫೋನಿನಲ್ಲಿ ಹೆಸರು ಹೇಳದೆ ಮಾತಾಡಬಹುದು, ಬೇರೆ ರಾಜ್ಯದವರು ಬೇಕು ಅಂತಲೂ ಕೇಳಬಹುದು.

ನಿಮ್ಮ ಜಿಪಿ ಹತ್ತಿರ ಈ ಮಾತು ತೆಗೆಯುವುದಿದ್ದರೆ ಉದ್ದದ ಅಪಾಯಿಂಟ್‌ಮೆಂಟ್ ಕೇಳಿ, ಕೂತ ಕೂಡಲೇ ಅದನ್ನೇ ಮೊದಲು ಹೇಳಿ. 'ಸೈಕೆಡೆಲಿಕ್ ಬರೆದುಕೊಡಿ' ಅಂದರೆ ಬಾಗಿಲು ಮುಚ್ಚುತ್ತದೆ. 'ಇಷ್ಟು ವರ್ಷದಿಂದ ಹೀಗಿದೆ, ಇದಿದು ತಗೊಂಡೆ, ಸಾಲಲಿಲ್ಲ, ಮುಂದೆ ಏನೇನು ದಾರಿ ಇದೆ, ಇದು ಅದರಲ್ಲಿ ಒಂದಾ?' ಅಂದರೆ ಯಾವ ಡಾಕ್ಟರೂ ಕಿವಿ ಕೊಡುತ್ತಾರೆ. ಕೊಡದಿದ್ದರೆ ಬೇರೆ ಜಿಪಿ ಹತ್ತಿರ ಹೋಗಿ, ಅದಕ್ಕೆ ಸಂಕೋಚ ಬೇಡ. ಬ್ರಿಸ್ಬೇನ್ ಓದುಗರಿಗೆ ನಾನು ಬರೆದ ಉತ್ತರವೂ ಇಷ್ಟೇ. ಎದೆನೋವು, ಬಿಪಿ ಇದ್ದರೆ ಹೇಳಿ, ಈ ಔಷಧಿಗಳು ಬಿಪಿ ಏರಿಸುತ್ತವೆ. ಬಸುರಿ, ಹಾಲುಣಿಸುವ ತಾಯಂದಿರನ್ನು ಈ ಪ್ರಯೋಗಗಳಿಗೆ ಸೇರಿಸಿಕೊಂಡಿಲ್ಲ. ಬಾಣಂತಿಯ ಖಿನ್ನತೆಗೆ ಇದನ್ನು ಕಾಯುತ್ತ ಕೂರಬೇಡಿ, ಬೇರೆ ಒಳ್ಳೆಯ ಚಿಕಿತ್ಸೆ ಇವತ್ತೇ ಇದೆ.

ಬೇರೆ ದೇಶಗಳಲ್ಲಿ ಇರುವವರು ನಿಮ್ಮ ಕಾನೂನು ನೋಡಿಕೊಳ್ಳಿ. ಕೆನಡಾದಲ್ಲಿ 2022ರಿಂದ ವೈದ್ಯರು ಒಬ್ಬೊಬ್ಬ ರೋಗಿಗಾಗಿ ಸರ್ಕಾರದ ವಿಶೇಷ ಅನುಮತಿ ಕೇಳಬಹುದು. ಅಮೆರಿಕದ ಆರೆಗನ್‌ನಲ್ಲಿ 21 ದಾಟಿದವರಿಗೆ ಪರವಾನಗಿ ಪಡೆದ ಸೈಲೋಸೈಬಿನ್ ಕೇಂದ್ರಗಳಿವೆ, ಆದರೆ ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ನಿಷಿದ್ಧ. ವೀಸಾ, ಗ್ರೀನ್ ಕಾರ್ಡಿನಲ್ಲಿ ಇರುವವರು ವಕೀಲರನ್ನು ಕೇಳದೆ ಆ ಕಡೆ ತಲೆ ಹಾಕಬೇಡಿ. ಸಿಂಗಪುರದ ಪ್ರಜೆಗಳು, ಪಿಆರ್ ಇರುವವರು ಹೊರದೇಶದಲ್ಲಿ ತೆಗೆದುಕೊಂಡರೂ ಅಲ್ಲಿ ಅಪರಾಧ. ಗಲ್ಫಿನವರಿಗೆ ನಾನು ಹೇಳಬೇಕಿಲ್ಲ. ಭಾರತದಲ್ಲಿ ಎನ್‌ಡಿಪಿಎಸ್ ಕಾಯ್ದೆ ಇದೆ, ರಜೆಗೆ ಹೋದಾಗ ಬೆಟ್ಟದ ಊರಿನಲ್ಲಿ 'ರಿಟ್ರೀಟ್' ಅಂತ ಯಾರಾದರೂ ಕರೆದರೆ ಹೋಗಬೇಡಿ.

ಮನೆಯಲ್ಲಿ ದೊಡ್ಡ ಮಕ್ಕಳು 'ಅದೀಗ ಮೆಡಿಸಿನ್ ಅಲ್ವಾ ಅಮ್ಮ?' ಎಂದು ಕೇಳುತ್ತಾರೆ. ಕನ್ನಡದಲ್ಲಿ ನಮಗೆ ಮಾತು ತಡವರಿಸುತ್ತದೆ. ಇಂಗ್ಲಿಷಿನಲ್ಲಿ ಡ್ರಗ್ ಅಂದರೆ ಔಷಧಿಯೂ ಹೌದು, ಕನ್ನಡದೊಳಗೆ ಬಂದ 'ಡ್ರಗ್ಸ್' ಮಾತ್ರ ಬರೀ ಕೆಟ್ಟದ್ದು. ನಾನು ನನ್ನ ಮಗನಿಗೆ ಹಳೆಯ ಪದ 'ಮದ್ದು' ಹೇಳಿಕೊಟ್ಟೆ. ಅಜ್ಜಿ ಅರೆದು ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಆಗದವರು ಊಟದಲ್ಲಿ ಹಾಕಿದರು ಅಂತ ಹೆದರುವುದೂ ಮದ್ದು. ಯಾರು, ಯಾರಿಗೆ, ಎಷ್ಟು, ಎಲ್ಲಿ ಕೊಟ್ಟರು ಅನ್ನುವುದರ ಮೇಲೆ ಅರ್ಥ. ಪಾರ್ಟಿಯಲ್ಲಿ ಸಿಗುವ ಮಾತ್ರೆಯೊಳಗೆ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ ಅಂತಲೂ ಹೇಳಿದೆ. ಅವನಿಗೆ ಬಂದೂಕಿನ ಮದ್ದು ಹಿಡಿಸಿತು. ಉಳಿದದ್ದು ಎಷ್ಟು ತಲೆಗೆ ಹೋಯಿತೋ ಕಾಣೆ.

ಆ ಹುಬ್ಬಳ್ಳಿಯವರಿಗೆ ಸೈಲೋಸೈಬಿನ್ ಆಗುವುದಿಲ್ಲ ಎಂದು ಮನೋವೈದ್ಯರು ಹೇಳಿದರು. ನಿರಾಸೆಯಾಯಿತು, ಅತ್ತರು. ಈಗ ಬೇರೆ ಮಾತ್ರೆಯ ಜೊತೆ ಇನ್ನೊಂದು ಸೇರಿಸಿದ್ದಾರೆ, ಎರಡು ವಾರಕ್ಕೊಮ್ಮೆ ಸೈಕಾಲಜಿಸ್ಟ್. ಕೆಲವು ವಾರ ಪರವಾಗಿಲ್ಲ, ಕೆಲವು ವಾರ ಏಳುವುದೇ ಕಷ್ಟ. ಮೊನ್ನೆ ಮಗಳನ್ನು ಫ್ಲೂ ಇಂಜೆಕ್ಷನ್‌ಗೆ ಕರೆತಂದಿದ್ದರು. ಅಪ್ಪ ಹೊರಗೆ ದುಡ್ಡು ಕಟ್ಟುತ್ತಿದ್ದಾಗ ಅವಳು ತೋಳು ಉಜ್ಜಿಕೊಳ್ಳುತ್ತ ಕೇಳಿದಳು: "ಆಂಟಿ, ಆ ಫಾರಂನಲ್ಲಿ ನಾನು ತಪ್ಪು ಬರೆದಿದ್ನಾ?"

"ಇಲ್ಲಮ್ಮ," ಅಂದೆ. "ಅಜ್ಜಿ ಹೇಳಿದ್ದನ್ನೇ ಬರೆದಿದ್ದೆ."

"ಮತ್ತೆ ಅಪ್ಪ ಅದನ್ನ ಯಾಕೆ ಇನ್ನೊಂದು ಸಲ ಬರೆದ್ರು?"

ಅದಕ್ಕೆ ಉತ್ತರ ಅಪ್ಪನೇ ಹೇಳಬೇಕು ಅಂದೆ. ಹೊರಗೆ ಹೋಗಿ ಅವರಿಗೂ ಅದನ್ನೇ ಹೇಳಿದೆ.